ಗೆರೆಯಿಲ್ಲದ ತಟ್ಟೆ

ಗೆರೆಯಕ್ಕ ಅಂತ ಅವಳನ್ನು ಕರೆಯಲು ಶುರುಮಾಡಿದವರು ಪ್ರಯೋಗಾಲಯದ ಹುಡುಗಿಯರು. ದಿನವಿಡೀ ಗೆರೆ ಎಳೆಯುವವಳನ್ನು ಇನ್ನೇನೆಂದು ಕರೆಯಬೇಕು ಹೇಳಿ. ಬಿಸ್ಕತ್ತಿನಷ್ಟು ಅಗಲದ ಪ್ಲಾಸ್ಟಿಕ್ ತಟ್ಟೆ. ಇಲಿಯ ಬಾಲದಿಂದ ತೆಗೆದ ಅಂಟನ್ನು ಅದರ ತಳಕ್ಕೆ ತೆಳ್ಳಗೆ ಬಳಿದು ಒಣಗಿಸಬೇಕು. ಆಮೇಲೆ ಸೂಜಿಗಳನ್ನು ಸಾಲಾಗಿ ಕೂರಿಸಿದ ಒಂದು ಬಾಚಣಿಗೆಯನ್ನು ಅದರ ಮೇಲೆ ಒಂದೇ ಸಲ, ಒಂದೇ ಸಮನೆ ಎಳೆಯಬೇಕು. ಕೈ ನಡುಗಿದರೆ ಆ ತಟ್ಟೆ ಕಸದ ಬುಟ್ಟಿಗೆ. ಸರಿಯಾಗಿ ಬಂದರೆ ಬರಿಗಣ್ಣಿಗೆ ಕಂಡೂ ಕಾಣದ ಹಾಗೆ ಗೀರುಗಳು, ಹೊಲದ ಸಾಲಿನಂತೆ ಪಕ್ಕಪಕ್ಕದಲ್ಲಿ ಬೀಳುತ್ತವೆ.

ಆ ಗೀರುಗಳ ಮೇಲೆ ಮೂರು ಕೋಣೆಗಳಿರುವ ಒಂದು ಬಿಳಿ ಉಂಗುರವನ್ನು ಗ್ರೀಸ್ ಹಚ್ಚಿ ಕೂರಿಸುತ್ತಾರೆ. ಗ್ರೀಸ್ ಕಡಿಮೆಯಾದರೆ ನೀರು ಸೋರುತ್ತದೆ. ಜಾಸ್ತಿಯಾದರೆ ಅದರಡಿ ಏನೂ ನುಸುಳುವುದಿಲ್ಲ. ಇದರಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಈಗಷ್ಟೇ ಹುಟ್ಟಿದ ಇಲಿಮರಿಯಿಂದ ನರದ ಗಂಟುಗಳನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದು, ಬಿಡಿಸಿ, ನಡುವಿನ ಕೋಣೆಗೆ ಹಾಕುತ್ತಿದ್ದಳು. ಕೆಲವು ದಿನಗಳಲ್ಲಿ ಅಲ್ಲಿಂದ ನರದ ಎಳೆಗಳು ಗೀರು ಹಿಡಿದು ಹೊರಟು, ಗ್ರೀಸಿನಡಿ ನುಸುಳಿ, ಪಕ್ಕದ ಕೋಣೆಗಳಲ್ಲಿ ತಲೆಯೆತ್ತುತ್ತಿದ್ದವು. ಆಗ ಅವುಗಳನ್ನು ಕತ್ತರಿಸುವುದು. ಕತ್ತರಿಸುವುದೆಂದರೆ ಚಾಕು ಚೂರಿಯಲ್ಲ. ಸಿರಿಂಜಿನಿಂದ ಶುದ್ಧ ನೀರನ್ನು ರಭಸವಾಗಿ ಬಿಟ್ಟರೆ ಪಕ್ಕದ ಕೋಣೆಯ ಎಳೆಗಳೆಲ್ಲ ಕಿತ್ತುಹೋಗುತ್ತವೆ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಟಿರುತ್ತವೆ. ಅವು ಎಷ್ಟು ಬೆಳೆದವು, ಯಾವ ಮದ್ದಿಗೆ ಬೇಗ ಬೆಳೆದವು ಎಂದು ಅಳೆಯುವುದು ಪ್ರಯೋಗಾಲಯ ನಡೆಸುವ ಮೇಡಂ ಮತ್ತು ಅವರ ಹುಡುಗಿಯರ ಕೆಲಸ. ಬೆಳಿಗ್ಗೆ ಬಂದು ಮೊದಲು ಕಣ್ಣಿಟ್ಟು ನೋಡುವ ಸುಖ ಮಾತ್ರ ಗೆರೆಯಕ್ಕನದು. ಆ ಸುಖವೇ ಅವಳ ತಲೆ ಕೆಡಿಸಿದ್ದು ಅನ್ನಿ.

ಮನೆಯಲ್ಲಿ ಇದಕ್ಕೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ಅಪ್ಪ ಅಮ್ಮ ಬೇಗ ಹೋದರು. ಅವಳನ್ನು ಓದಿಸಿದ್ದು, ಸಾಕಿದ್ದು ಎಲ್ಲ ಅಣ್ಣ. ಮದುವೆ ಬೇಡವೆಂದಾಗ ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಮಹಡಿಯ ಕೋಣೆಗೆ ಸುಣ್ಣ ಹೊಡೆಸಿಕೊಟ್ಟವನೂ ಅವನೇ. ಅತ್ತಿಗೆಯದು ಚುರುಕು ನಾಲಿಗೆ, ಮೆತ್ತನೆಯ ಮನಸ್ಸು. "ನಮ್ಮನೆ ತಟ್ಟೆ ತೊಳಿ ಅಂದ್ರೆ ಸೊಂಟ ನೋವು. ಅಲ್ಲಿ ಹೋಗಿ ತಟ್ಟೆಗೆ ಗೆರೆ ಎಳೀತಾಳಂತೆ," ಎಂದು ಬಂದವರೆದುರು ನಗುತ್ತಿದ್ದಳು.

ಅಣ್ಣ ಬೀಗ ರಿಪೇರಿಯವನು. ಬೀದಿಗೆಲ್ಲ ಬೀಗದಣ್ಣ. ಮೆಟ್ಟಿಲ ಕೆಳಗಿನ ಸಂದಿಯೇ ಅವನ ಅಂಗಡಿ. ಒಳಗೆ ಒಬ್ಬ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು. ಬೀಗದ ಬಾಯಿಗೆ ಖಾಲಿ ಕೀಲಿ ತೂರಿಸಿ, ತಿರುಗಿಸಿ, ತೆಗೆದು, ಬಿದ್ದ ಗುರುತನ್ನು ಹೆಬ್ಬೆರಳಲ್ಲಿ ಸವರಿ, ಅರದಿಂದ ಒಂದೆಳೆ ಉಜ್ಜುತ್ತಿದ್ದ. ಮತ್ತೆ ತೂರಿಸುವುದು, ಮತ್ತೆ ಸವರುವುದು. ಕಣ್ಣು ರಸ್ತೆಯ ಮೇಲೆ, ಬಾಯಿ ಗಿರಾಕಿಯ ಜೊತೆ ಹರಟೆಯಲ್ಲಿ. ಅವನ ಪೂರಾ ವಿದ್ಯೆ ಇದ್ದದ್ದು ಬಲಗೈಯ ಹೆಬ್ಬೆರಳಲ್ಲಿ ಮತ್ತು ಅದರ ಪಕ್ಕದ ಎರಡು ಬೆರಳುಗಳಲ್ಲಿ.

ಪ್ರಯೋಗಾಲಯದ ಬಾಚಣಿಗೆ ಮಾಡಿಕೊಟ್ಟವನೂ ಇವನೇ. ಹೊರಗಿನಿಂದ ತರಿಸಿದ್ದು ಮುರಿದು, ಹೊಸದು ಯಾವಾಗ ಬರುತ್ತದೋ ದೇವರಿಗೇ ಗೊತ್ತು ಎಂದಾಗ ತಂಗಿ ಅದರ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದಳು. ಅಣ್ಣ ಹೊಲಿಗೆ ಯಂತ್ರದ ಸೂಜಿಗಳ ತುದಿಗಳನ್ನು ಒಂದೇ ಮಟ್ಟಕ್ಕೆ ಅರೆದು, ಹಿತ್ತಾಳೆ ಪಟ್ಟಿಗೆ ಬೆಸೆದು ಕೊಟ್ಟ.

"ಕೂದ್ಲೇ ಇಲ್ದಿರೋ ತಟ್ಟೆಗೆ ಬಾಚಣಿಗೆ ಬೇರೆ ಕೇಡು. ತಗೋ," ಎಂದ.

ಆಮೇಲೆ ಯಾವ ಸೂಜಿ ಸೊಟ್ಟಗಾದರೂ ಅವನೇ ನೆಟ್ಟಗೆ ಮಾಡಿಕೊಡುತ್ತಿದ್ದ. ಮೇಡಂ ಎರಡು ಸಲ ಹಣ ಕಳಿಸಿದರು. ಎರಡು ಸಲವೂ ವಾಪಸು ಕಳಿಸಿದ.

ಬೀಗದಣ್ಣನಿಗೆ ಒಂದು ಜಂಬವಿತ್ತು. ಯಾರ ಮನೆಯ ಬಾಗಿಲನ್ನೂ ತಾನು ಒಡೆದು ತೆರೆದವನಲ್ಲ ಎಂಬುದು. ಆ ಜಂಬವನ್ನು ಅವನು ಬಿಟ್ಟದ್ದು ಒಂದೇ ದಿನ. ಹಿಂದಿನ ಬೀದಿಯ ಒಬ್ಬ ತಾಯಿ ಕಸ ಹಾಕಲು ಹೊರಗೆ ಬಂದಿದ್ದಳು. ಅಷ್ಟರಲ್ಲಿ ಒಳಗಿದ್ದ ಮಗು ಬಾಗಿಲು ತಳ್ಳಿ ಅಗಳಿ ಹಾಕಿಬಿಟ್ಟಿತು. ಒಲೆಯ ಮೇಲೆ ಹಾಲು, ಪಕ್ಕದಲ್ಲಿ ಮಗು. ಒಳಗಿನ ಅಗಳಿಗೆ ಯಾವ ಕೀಲಿಯೂ ಇಲ್ಲವಲ್ಲ. ಬೀಗದಣ್ಣ ಬಾಗಿಲ ಪಕ್ಕದ ಕಿಟಕಿಯ ಗಾಜು ಒಡೆದು, ಕೈ ಒಳಗೆ ಹಾಕಿ ಅಗಳಿ ಸರಿಸಿದ. ಮಗುವಿಗೆ ಏನೂ ಆಗಲಿಲ್ಲ. ಗಡಿಬಿಡಿಯಲ್ಲಿ ಕೈ ಹೊರಗೆಳೆದುಕೊಳ್ಳುವಾಗ ಚೌಕಟ್ಟಿನಲ್ಲಿ ಉಳಿದಿದ್ದ ಗಾಜಿನ ಚೂರು ಮೊಣಕೈಯ ಕೆಳಗೆ, ಒಳಬದಿಗೆ, ಆಳವಾಗಿ ಕೊಯ್ದಿತು.

ಬೀದಿಯ ಕೊನೆಯ ಡಾಕ್ಟರು ಹೊಲಿಗೆ ಹಾಕಿದರು. ಗಾಯ ಮಾಯಿತು. ಹೆಬ್ಬೆರಳು ಮಾತ್ರ ಬೇರೆ ಬೆರಳುಗಳ ಕಡೆ ತಿರುಗುವುದನ್ನೇ ಬಿಟ್ಟಿತು. ಕೈಗೆ ಕೀಲಿ ಕೊಟ್ಟರೆ ಜಾರಿ ಬೀಳುತ್ತಿತ್ತು. ಕಣ್ಣು ಮುಚ್ಚಿಸಿ ಬೆರಳ ಸಂದಿಗೆ ಏನಿಟ್ಟರೂ ಅದು ಕೀಲಿಯೋ ಕಡ್ಡಿಯೋ ಅವನಿಗೆ ತಿಳಿಯುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಕೈಯ ಸರ್ಜನ್ ಒಬ್ಬರು ಬೆರಳು ಬೆರಳಿಗೂ ಸೂಜಿ ಮುಟ್ಟಿಸಿ ನೋಡಿ ಹೇಳಿದರು: "ನರ ತುಂಡಾಗಿರೋ ಹಾಗಿದೆ. ತೆರೆದು ನೋಡಿ ಜೋಡಿಸಬೇಕು. ತುದಿಗಳು ಸೇರದಿದ್ದರೆ ಕಾಲಿಂದ ಸ್ವಲ್ಪ ನರ ತೆಗೆದು ನಡುವೆ ಹಾಕ್ತೀವಿ. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಡಲ್ಲ. ಆದರೆ ತಡ ಮಾಡಿದಷ್ಟೂ ಕೆಡುತ್ತೆ."

ಅಣ್ಣನಿಗೆ ಕತ್ತಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಅದರಲ್ಲೂ ಕೈ ಕೆಟ್ಟರೆ ಕಾಲು ಕೊಯ್ಯುವುದು ಯಾವ ನ್ಯಾಯವೆಂಬುದು ಅವನ ತಲೆಗೆ ಹತ್ತಲೇ ಇಲ್ಲ. ಸಂಜೆ ತಂಗಿ ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿದ.

"ನೀನು ದಿನಾ ನರದ ಜೊತೇಲೇ ಇರೋಳು. ನೀನ್ ಹೇಳಮ್ಮ. ಕೊಯ್ಸಿಕೊಳ್ಳಲೇಬೇಕಾ?"

ಅತ್ತಿಗೆ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ಆ ಮನೆಯಲ್ಲಿ ಗೆರೆಯಕ್ಕನ ಕೆಲಸದ ಬಗ್ಗೆ ಯಾರೂ ನಗದೆ ಕೇಳಿದ್ದು ಅದೇ ಮೊದಲು. ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅಣ್ಣನ ಕಣ್ಣಲ್ಲಿ ಬೇಡ ಅನ್ನು, ಬೇಡ ಅನ್ನು ಎಂಬ ಬೇಡಿಕೆ ಎದ್ದು ಕಾಣುತ್ತಿತ್ತು.

"ಅಣ್ಣ, ನಾನು ವಾರ ವಾರ ಅವನ್ನ ಕತ್ತರಿಸ್ತೀನಿ," ಎಂದಳು. "ಬೆಳಿಗ್ಗೆ ಹೋಗಿ ನೋಡಿದ್ರೆ ಮತ್ತೆ ಚಿಗುರಿರ್ತಾವೆ. ನರ ಅಂದ್ರೆ ಬಲೇ ಹಠದ್ದು. ನಿಂದು ಇನ್ನೂ ದೊಡ್ಡ ಕೈ, ಸ್ವಲ್ಪ ನಿಧಾನ ಆಗ್ಬಹುದು ಅಷ್ಟೇ. ಯಾಕೆ ಸುಮ್ನೆ ಕೊಯ್ಸಿಕೊಳ್ತೀಯ? ಕಾಯೋಣ."

ಅಣ್ಣನ ಮುಖ ಅರಳಿತು. ಅವಳು ಸುಳ್ಳು ಹೇಳಲಿಲ್ಲ, ನೆನಪಿಡಿ. ಅವಳು ಕಂಡದ್ದನ್ನೇ ಹೇಳಿದಳು. ಆದರೆ ತಟ್ಟೆಯಲ್ಲಿ ಬೆಳಿಗ್ಗೆ ಕಂಡದ್ದನ್ನು ಹೇಳಿದವಳು, ಅದಕ್ಕೂ ಮೊದಲು ಆ ತಟ್ಟೆಗೆ ತಾನೇ ಏನೇನು ಮಾಡಿಟ್ಟಿದ್ದೆ ಎಂಬುದನ್ನು ಮರೆತಳು. ಅಲ್ಲೇ ಎಡವಿದ್ದು. ಆಸ್ಪತ್ರೆಯ ಕಸ ಗುಡಿಸುವವಳನ್ನು ಕೇಳಿದ್ದರೂ ಡಾಕ್ಟರ ಮಾತು ಕೇಳಿ ಎನ್ನುತ್ತಿದ್ದಳು. ನರದ ಬಗ್ಗೆ ಇಷ್ಟು ತಿಳಿದವಳೊಬ್ಬಳು ಮನೆಯಲ್ಲಿದ್ದದ್ದೇ ಆ ಕೈಗೆ ಮುಳುವಾಯಿತು.

ಅಂದಿನಿಂದ ಪ್ರತಿ ಭಾನುವಾರ ಅಣ್ಣನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಯದ ಗುರುತಿನ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಒಂದು ಜಾಗಕ್ಕೆ ಬಂದಾಗ ಅವನು ಮುಖ ಕಿವುಚುತ್ತಿದ್ದ.

"ಕರೆಂಟ್ ಹೊಡೆದ ಹಾಗೆ ಚುರ್ ಅಂತು. ಹೆಬ್ಬೆಟ್ಟಿನ ತನಕ."

"ಬರ್ತಾ ಇದೆ ಅಣ್ಣ. ಅದೇ ಗುರುತು."

ನರ ನಿಜಕ್ಕೂ ಬೆಳೆಯುತ್ತಿದ್ದರೆ ಹಾಗೆ ಚುರ್ ಎನ್ನುವ ಜಾಗ ವಾರದಿಂದ ವಾರಕ್ಕೆ ಅಂಗೈಯತ್ತ ಇಳಿಯಬೇಕು. ಇಳಿಯಲಿಲ್ಲ. ಹೋದ ಭಾನುವಾರ ಎಲ್ಲಿತ್ತೋ ಈ ಭಾನುವಾರವೂ ಅಲ್ಲೇ. ಮುಂದಿನ ವಾರ ನೋಡೋಣ, ಎನ್ನುವಳು. ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿ ಯಾಕೆ ಬರಲಿಲ್ಲವೆಂದು ವಿಚಾರಿಸಿದಾಗ ಅಣ್ಣ, "ನಮ್ಮನೇಲೇ ನರದ ವಿಷಯ ಬಲ್ಲೋರು ಇದ್ದಾರಮ್ಮ," ಎಂದು ಹೆಮ್ಮೆಯಿಂದ ಹೇಳಿ ಇಟ್ಟ. ಅವಳು ಪಕ್ಕದಲ್ಲೇ ಇದ್ದಳು. ಅವಳಿಗೂ ಹೆಮ್ಮೆಯೇ ಆಯಿತು. ಹೆಬ್ಬೆರಳ ಬುಡದ ದುಂಡು ಮಾಂಸ ಮೆಲ್ಲಮೆಲ್ಲಗೆ ಇಳಿದು ಅಲ್ಲೊಂದು ಗುಳಿ ಬಿತ್ತು. ಕೆಲಸವಿಲ್ಲದ ಕೈ ಹಾಗೇ ಆಗುತ್ತದೆ ಎಂದು ಸಮಾಧಾನ ಹೇಳಿಕೊಂಡಳು. ಮನುಷ್ಯ ತನಗೆ ಬೇಕಾದ್ದನ್ನು ನಂಬಲು ಎಷ್ಟೆಲ್ಲ ಕಾರಣ ಹುಡುಕುತ್ತಾನೆ ನೋಡಿ.

ಹೀಗೆ ಒಂದು ವರ್ಷ ಕಳೆದು ಎರಡನೆಯದು ನಡೆಯುತ್ತಿದ್ದಾಗ, ಅಣ್ಣ ಮಾಡಿಕೊಟ್ಟ ಬಾಚಣಿಗೆಯ ಬೆಸುಗೆ ಬಿಟ್ಟು ಸೂಜಿಗಳು ಉದುರಿದವು. ಮೊದಲಾಗಿದ್ದರೆ ಸಂಜೆ ಮನೆಗೆ ಒಯ್ದು ಬೆಳಿಗ್ಗೆ ತರುತ್ತಿದ್ದಳು. ಈಗ ಯಾರ ಕೈಗೆ ಕೊಡುವುದು? ಇಲಿಮರಿಗಳಿಂದ ನರದ ಕೋಶಗಳನ್ನು ಆಗಲೇ ತೆಗೆದಾಗಿತ್ತು, ಅವು ಕಾಯುವುದಿಲ್ಲ. ಹಾಳಾಗುವುದಕ್ಕಿಂತ ಇರಲಿ ಎಂದು ಗೀರಿಲ್ಲದ ತಟ್ಟೆಗಳ ಮೇಲೇ ಉಂಗುರ ಕೂರಿಸಿ, ಕೋಶಗಳನ್ನು ನಡುಕೋಣೆಗೆ ಹಾಕಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಳು.

ಅಷ್ಟು ವರ್ಷಗಳಲ್ಲಿ ಗೀರಿಲ್ಲದ ತಟ್ಟೆಯನ್ನು ಅವಳು ನೋಡಿರಲೇ ಇಲ್ಲ. ಎಳೆಯುವವಳೇ ಅವಳಾಗಿದ್ದಾಗ ಎಳೆಯದ ತಟ್ಟೆ ಅವಳಿಗೆಲ್ಲಿಂದ ಸಿಗಬೇಕು? ಕೆಲವು ದಿನ ಬಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಪಕ್ಕದ ಕೋಣೆ ಖಾಲಿ. ಇನ್ನೊಂದು ಪಕ್ಕದ್ದೂ ಖಾಲಿ. ನಡುಕೋಣೆಗೆ ಸರಿಸಿದಳು. ಎಳೆಗಳು ಬೆಳೆದಿದ್ದವು, ಬೇಕಾದಷ್ಟು ಬೆಳೆದಿದ್ದವು. ಆದರೆ ಆ ಕಡೆ ಹೋಗಿ, ಈ ಕಡೆ ತಿರುಗಿ, ಒಂದರ ಮೇಲೊಂದು ಬಿದ್ದು, ಸುತ್ತಿ, ಗ್ರೀಸಿನ ಗೋಡೆಗೆ ಬಂದು ಅದರ ಪಕ್ಕದಲ್ಲೇ ಗಂಟುಗಂಟಾಗಿ ನಿಂತಿದ್ದವು.

ಮೇಡಂ ಹಿಂದಿನಿಂದ ಬಂದು ಇನ್ನೊಂದು ಕಣ್ಣುಕೊಳವೆಯಲ್ಲಿ ನೋಡಿದರು. "ದಾರಿ ಹಾಕಿಕೊಡದೇ ಇದ್ರೆ ಪಾಪ ಅವು ಇನ್ನೆಲ್ಲಿಗೆ ಹೋಗ್ತಾವೆ," ಎಂದು ಸಹಜವಾಗಿ ಹೇಳಿ ಹೋದರು.

ಗೆರೆಯಕ್ಕ ಮತ್ತೆ ಆ ಗಂಟಿಗೇ ಕಣ್ಣಿಟ್ಟಳು. ಭಾನುವಾರ ಭಾನುವಾರ ತಾನು ತಟ್ಟುತ್ತಿದ್ದ ಜಾಗ ಇದೇ. ಅಲ್ಲಿಂದ ಕದಲದೆ ಚುರ್ ಎನ್ನುತ್ತಿದ್ದದ್ದು ಇಂಥದೇ ಗಂಟು. ಅಣ್ಣನ ನರವೂ ಬೆಳೆದಿತ್ತು, ಹಠದಿಂದಲೇ ಬೆಳೆದಿತ್ತು. ದಾಟುವುದಕ್ಕೆ ಅದಕ್ಕೊಂದು ದಾರಿ ಬೇಕಿತ್ತು. ತುದಿಗೆ ತುದಿ ಸೇರಿಸಿ, ಕಾಲಿನ ನರ ಹಾಸಿ ಆ ದಾರಿಯನ್ನೇ ಮಾಡಿಕೊಡುತ್ತೇನೆಂದು ಸರ್ಜನ್ ಹೇಳಿದ್ದರು. ದಿನಕ್ಕೆ ಹತ್ತಾರು ತಟ್ಟೆಗೆ ದಾರಿ ಎಳೆಯುವ ತಾನು, ಒಡಹುಟ್ಟಿದವನ ಕೈಗೆ ಅದು ಬೇಡವೆಂದಿದ್ದಳು. ಅವಳು ಕೈಗವಸು ಕಿತ್ತು ಬಿಸಾಡಿ, ಬೆಚ್ಚನೆಯ ಪೆಟ್ಟಿಗೆಯ ಬಾಗಿಲನ್ನೂ ಸರಿಯಾಗಿ ಹಾಕದೆ ಹೊರಟಳು.

ಆ ವಾರವೇ ಅಣ್ಣನನ್ನು ಬಲವಂತ ಮಾಡಿ ಅದೇ ಸರ್ಜನ್ ಬಳಿ ಕರೆದೊಯ್ದಳು. "ಇಷ್ಟು ದಿನ ಎಲ್ಲಿದ್ರಿ?" ಎಂದು ಅವರು ಕೇಳಿದಾಗ ಅವಳು ಬಾಯಿ ತೆರೆದಳು. ಅಣ್ಣ ಮುಂಚೆಯೇ, "ತಾನಾಗೇ ಬರುತ್ತೇನೋ ಅಂತ ಕಾದ್ವಿ ಡಾಕ್ಟ್ರೇ," ಎಂದುಬಿಟ್ಟ.

ಕೈ ತೆರೆದರು. ಗಂಟನ್ನು ತೆಗೆದು, ಕಾಲಿನ ನರ ಹಾಕಿ ಜೋಡಿಸಿದರು. ಆಮೇಲೆ ಸರ್ಜನ್ ಅವಳೊಬ್ಬಳನ್ನೇ ಹೊರಗೆ ಕರೆದು ಹೇಳಿದರು: "ನರ ಬಂದರೂ ಬರಬಹುದು. ಆದರೆ ಅಲ್ಲಿ ಅದಕ್ಕಾಗಿ ಕಾಯೋ ಸ್ನಾಯು ಉಳಿದಿಲ್ಲ. ಮೊದಲ ತಿಂಗಳಲ್ಲೇ ಬಂದಿದ್ರೆ ಈ ಕೈ ಕೆಲಸಕ್ಕೆ ಬರ್ತಿತ್ತು."

ವಾರ್ಡಿನೊಳಗೆ ಅಣ್ಣ ಕಣ್ಣು ಬಿಟ್ಟು, "ಏನಂದ್ರು?" ಎಂದ.

"ಗಾಜು ತುಂಬಾ ಆಳಕ್ಕೆ ಹೋಗಿತ್ತಂತೆ ಅಣ್ಣ," ಎಂದಳು.

ಮೊದಲನೆಯದು ತಪ್ಪು ತಿಳಿವಳಿಕೆ. ಇದು ಸುಳ್ಳು. ಇದಕ್ಕೆ ಯಾವ ನೆಪವೂ ಇರಲಿಲ್ಲ, ಆದರೂ ನಿಜವನ್ನು ಮುಚ್ಚಿಟ್ಟಳು. ಇವತ್ತು ಹೇಳುತ್ತೇನೆ, ಗಾಯ ಒಣಗಲಿ ಹೇಳುತ್ತೇನೆ, ಅಣ್ಣ ಸ್ವಲ್ಪ ಗೆಲುವಾಗಲಿ ಹೇಳುತ್ತೇನೆ ಎಂದುಕೊಂಡೇ ವರ್ಷಗಳು ಹೋದವು. ರಾತ್ರಿ ಊಟಕ್ಕೆ ಕೂತಾಗ ಅವನು ಎಡಗೈಯಲ್ಲಿ ಚಮಚ ಹಿಡಿದು ಚೆಲ್ಲಿಕೊಂಡರೆ ಇವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅತ್ತಿಗೆ, "ನಿಂಗೇನಾಗಿದೆ, ದಿನದಿನಕ್ಕೆ ಸೊರಗ್ತಿದ್ದೀಯ," ಎಂದು ಗದರುತ್ತಿದ್ದಳು.

ಅಂಗಡಿಗೆ ಕೀಲಿ ನಕಲು ಮಾಡುವ ಯಂತ್ರ ಬಂತು. ಅತ್ತಿಗೆ ನಡೆಸಲು ಕಲಿತಳು. ಅಣ್ಣ ಪಕ್ಕದಲ್ಲಿ ಕೂತು ಹೊಸ ಬೀಗ ಮಾರುತ್ತ, ಬಂದವರಿಗೆಲ್ಲ ಗಾಜಿನ ಕಥೆ ಹೇಳುತ್ತಿದ್ದ. ಆ ಗಾಜಿನ ಮನೆ ಹಾಳಾಗ, ಅದನ್ನು ಮಾಡಿದವನ ಕೈಗೆ ಲಕ್ವ ಹೊಡೆಯ, ಎಂದು ರಾಗ ಎಳೆದು ಬೈದರೆ ಗಿರಾಕಿಗಳು ನಗುತ್ತಿದ್ದರು. ಕೊನೆಗೆ ಅವನೂ ನಗುತ್ತಿದ್ದ. ಮಹಡಿಯ ಮೆಟ್ಟಿಲು ಹತ್ತುವಾಗ ಇದೆಲ್ಲ ಗೆರೆಯಕ್ಕನ ಕಿವಿಗೆ ಬೀಳುತ್ತಿತ್ತು.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದಾಗ ಅಂಗಡಿಯೆದುರು ಎದುರುಬದಿಯ ಹೊಲಿಗೆಯವಳು ಕೂತಿದ್ದಳು. ಬಲಗೈಗೆ ಪಟ್ಟಿ. ತಗಡಿನ ಅಂಚು ಕೊಯ್ದು ಹದಿನೈದು ದಿನವಾಗಿತ್ತು. ಹೆಬ್ಬೆರಳು ಮರಗಟ್ಟಿತ್ತು, ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತೆರೆದು ನೋಡಬೇಕು ಎಂದಿದ್ದಾರಂತೆ.

"ಬಾ, ನಿನಗೇ ಕಾಯ್ತಿದ್ವಿ," ಎಂದ ಅಣ್ಣ. "ಇವಳು ಆಪರೇಷನ್‌ಗೆ ಹೆದರ್ತಾಳೆ. ಕಾದು ನೋಡು ಅಂತ ನಾನ್ ಹೇಳ್ದೆ. ನೀನೂ ಒಂದ್ಮಾತು ಹೇಳು, ಧೈರ್ಯ ಬರುತ್ತೆ."

"ಇಲ್ಲಮ್ಮ, ಮಾಡಿಸ್ಕೋ," ಎಂದಳು ಗೆರೆಯಕ್ಕ. "ನಾಳೇನೇ ಹೋಗು."

"ಬೀಗದಣ್ಣಂಗೂ ಮಾಡಿದ್ರಲ್ಲಕ್ಕ," ಎಂದಳು ಹೊಲಿಗೆಯವಳು. "ಏನು ಬಂತು ಅದ್ರಿಂದ?"

"ಅದನ್ನೇ ನಾನು ಹೇಳೋದು," ಎಂದ ಅಣ್ಣ. "ಕೈನೂ ಕೊಯ್ದ್ರು, ಕಾಲೂ ಕೊಯ್ದ್ರು. ಹೋದದ್ದು ಹೋಯ್ತು. ಸುಮ್ನೆ ಯಾಕೆ?"

ಗೆರೆಯಕ್ಕ ಅಣ್ಣನನ್ನು ನೋಡಿದಳು, ಆ ಹೆಣ್ಣುಮಗಳ ಪಟ್ಟಿ ಸುತ್ತಿದ ಕೈಯನ್ನು ನೋಡಿದಳು. ಮಹಡಿಯ ಕೋಣೆ, ಅಣ್ಣನ ನಗು, ಈ ಮನೆಯಲ್ಲಿ ಅವಳಿಗಿದ್ದ ಜಾಗ, ಎಲ್ಲ ಒಂದು ಕಡೆ. ಸುಮ್ಮನಿದ್ದರೆ ಇನ್ನೊಂದು ಕೈ ಹೋಗುತ್ತಿತ್ತು, ಅದೂ ತನ್ನ ಸುಳ್ಳಿನ ಬಲದಿಂದ.

"ಅಣ್ಣನ ಕೈ ಹೋಗಿದ್ದು ಆಪರೇಷನ್‌ನಿಂದ ಅಲ್ಲ," ಎಂದಳು. "ತಡ ಆಗಿದ್ದರಿಂದ. ಮೊದಲನೇ ತಿಂಗಳಲ್ಲೇ ಮಾಡ್ಸಿದ್ರೆ ಕೆಲಸಕ್ಕೆ ಬರ್ತಿತ್ತು ಅಂತ ಡಾಕ್ಟ್ರು ಆವತ್ತೇ ನನಗೆ ಹೇಳಿದ್ರು. ಗಾಜು ಆಳಕ್ಕೆ ಹೋಗಿತ್ತು ಅಂದಿದ್ದು ನಾನು. ಕಾಯೋಣ ಅಂದಿದ್ದೂ ನಾನು. ನನ್ನ ಮಾತು ಕೇಳಿ ಅಣ್ಣನ ಕೈ ಹೋಯ್ತು. ನೀನೂ ಕೇಳಿ ಕೂರ್ಬೇಡಮ್ಮ."

ಯಂತ್ರ ತಿರುಗುತ್ತಲೇ ಇತ್ತು. ಅತ್ತಿಗೆ ಕೈ ಚಾಚಿ ಅದನ್ನು ನಿಲ್ಲಿಸಿದಳು. ಅಣ್ಣ ತಂಗಿಯ ಕಡೆ ನೋಡಲಿಲ್ಲ. ಹೊಲಿಗೆಯವಳಿಗೆ, "ಹೋಗಮ್ಮ. ನಾಳೆ ತನಕ ಯಾಕೆ, ಈಗ್ಲೇ ಹೋಗು. ಇವಳು ಜೊತೇಲಿ ಬರ್ತಾಳೆ," ಎಂದು ಹೆಂಡತಿಯನ್ನು ತೋರಿಸಿದ. ಅವರಿಬ್ಬರೂ ಹೋದ ಮೇಲೆ ಬೀಗಗಳನ್ನು ಒಂದೊಂದಾಗಿ ಎಡಗೈಯಲ್ಲಿ ಒಳಗಿಟ್ಟ. ಅವಳು ಎತ್ತಿಕೊಡಲು ಹೋದರೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ.

ಆಮೇಲೆ ಅವನು ಆ ವಿಷಯ ಎತ್ತಲೇ ಇಲ್ಲ. ಊಟಕ್ಕೆ ಕರೆಯುತ್ತಿದ್ದ, ಹುಷಾರಿಲ್ಲದಿದ್ದರೆ ಮಾತ್ರೆ ತರಿಸುತ್ತಿದ್ದ. ಬೈದಿದ್ದರೆ ಅವಳಿಗೆ ಉಸಿರಾಡಲು ಎಷ್ಟೋ ಸಲೀಸಾಗುತ್ತಿತ್ತು. ಅವಳ ಕಣ್ಣಿಗೆ ಬಿದ್ದ ವ್ಯತ್ಯಾಸ ಒಂದೇ: ಗಿರಾಕಿಗಳು ಕೆದಕಿದರೂ ಅವನು ಗಾಜಿನ ಕಥೆ ಹೇಳುತ್ತಿರಲಿಲ್ಲ.

ಒಂದು ವರ್ಷವಾಗುತ್ತ ಬಂದಾಗ ಹೊಲಿಗೆಯವಳು ಅಂಗಡಿಗೆ ಬಂದಳು. ನರ ತುಂಡಾಗಿತ್ತಂತೆ, ಜೋಡಿಸಿದ್ದರಂತೆ. ಮಾತು ಸಾಲದೆ, ಮೇಜಿನ ಮೇಲೆ ಬಿದ್ದಿದ್ದ ಬೀಗದೊಳಗಿನ ಒಂದು ಸಣ್ಣ ಸ್ಪ್ರಿಂಗನ್ನು ಹೆಬ್ಬೆರಳು ತೋರುಬೆರಳಲ್ಲಿ ಎತ್ತಿ ಅಣ್ಣನ ಮುಖದೆದುರು ಹಿಡಿದಳು. ಬೆರಳು ಸ್ವಲ್ಪ ನಡುಗುತ್ತಿತ್ತು, ಸ್ಪ್ರಿಂಗು ಬೀಳಲಿಲ್ಲ. "ಚೆನ್ನಾಗಿ ಬಂದಿದೆ ಕಣಮ್ಮ, ಚೆನ್ನಾಗಿ ಬಂದಿದೆ," ಎಂದು ಅಣ್ಣ ಎರಡು ಸಲ ಹೇಳಿದ. ಅವಳು ಖುಷಿಯಿಂದ ರಸ್ತೆ ದಾಟಿ ಹೋಗುವುದನ್ನು ನೋಡುತ್ತ ಕೂತ. ಗೆರೆಯಕ್ಕ ಆಗಷ್ಟೇ ಮೆಟ್ಟಿಲಿಳಿದು ಬಂದು ಅವನ ಹಿಂದೆ ನಿಂತಿದ್ದಳು. ಅವಳಿದ್ದಾಳೆಂದು ಅವನಿಗೆ ಗೊತ್ತಿತ್ತು.

"ಇಷ್ಟು ವರ್ಷ ಸುಮ್ನೆ ಆ ಗಾಜನ್ನ ಬೈಕೊಂಡು ಬಂದೆ ನೋಡು," ಎಂದ.